ಹಕ್ಕೋಡ 1902: ಆಳ ಹಿಮದಲ್ಲಿ ಒಂದು ತಂಡ ದಾರಿ ತಪ್ಪಿದ ಪ್ರಕರಣ

1902ರ ಜನವರಿ 23. ಬೆಳಿಗ್ಗೆ ಏಳಕ್ಕೆ ಇನ್ನೂ ಐದು ನಿಮಿಷ ಇತ್ತು. ಜಪಾನಿನ ಅವೊಮೊರಿ ಪಟ್ಟಣದ ಬ್ಯಾರಕ್‌ನಿಂದ 210 ಜನ ಸೈನಿಕರು ಹಕ್ಕೋಡ ಬೆಟ್ಟಗಳ ಕಡೆ ಹೊರಟರು. ಸುಮಾರು 20 ಕಿಲೋಮೀಟರ್ ದೂರದಲ್ಲಿ ತಾಶಿರೋ ಎಂಬ ಬಿಸಿನೀರಿನ ಬುಗ್ಗೆ ಇದೆ. ರಾತ್ರಿ ಅಲ್ಲಿ ತಂಗಿ ಮರುದಿನ ವಾಪಸ್ ಬರುವುದು, ಯೋಜನೆ ಅಷ್ಟೇ. ಅವರಲ್ಲಿ 199 ಜನ ಸತ್ತರು. ಉಳಿದವರು 11 ಜನ. ಅವರಲ್ಲೂ ಎಂಟು ಜನರ ಕೈಕಾಲು ಕತ್ತರಿಸಬೇಕಾಯಿತು.

ಅದೇ ವಾರ, ಅದೇ ಬೆಟ್ಟಗಳನ್ನು ಎದುರು ದಿಕ್ಕಿನಿಂದ ಇನ್ನೊಂದು ತಂಡ ದಾಟಿತು. 37 ಸೈನಿಕರು, ಜೊತೆಗೆ ಒಬ್ಬ ಪತ್ರಕರ್ತ. ಅವರಲ್ಲಿ ಒಬ್ಬರೂ ಸಾಯಲಿಲ್ಲ.

ಗುಂಪಾಗಿ ಹಿಮದಲ್ಲಿ ನಡೆಯಲು ಹೋಗುವ ಯಾರೇ ಆದರೂ ಈ ಪ್ರಕರಣವನ್ನು ಒಮ್ಮೆ ಪೂರ್ತಿ ಓದಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಸೈನ್ಯದ ಹಳೆಯ ಕಥೆ, ನಮಗೇನು ಸಂಬಂಧ ಅನ್ನಬಹುದು. ಆದರೆ ಇಲ್ಲಿ ಸೋತದ್ದು ಯುದ್ಧದಲ್ಲಿ ಅಲ್ಲವಲ್ಲ. ಸಾಮಾನು ಹೊತ್ತ ಒಂದು ದೊಡ್ಡ ಗುಂಪು, ಕೆಟ್ಟ ಹವೆ, ಹತ್ತಿರದಲ್ಲೇ ಇದೆ ಅನ್ನಿಸುವ ಗುರಿ, ಮಾತಾಡಲು ಹಿಂಜರಿಯುವ ಜನ. ಇವತ್ತಿನ ಯಾವ ಟ್ರೆಕ್ಕಿಂಗ್ ಗುಂಪಿನಲ್ಲಿ ಇವು ಇರುವುದಿಲ್ಲ ಹೇಳಿ.

ಬೆಟ್ಟ ಮತ್ತು ಹಿಮ

ಹಕ್ಕೋಡದ ಎತ್ತರ ಕೇಳಿದರೆ ಯಾರೂ ಹೆದರುವುದಿಲ್ಲ. ಅತಿ ಎತ್ತರದ ಶಿಖರ ಓದಾಕೆ 1,585 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. 1902ರ ತಂಡ ಶಿಖರಕ್ಕೂ ಹೊರಟಿರಲಿಲ್ಲ. ಅವರ ದಾರಿಯಲ್ಲಿ ಎತ್ತರದ ಜಾಗ ಉಮಾತಾತೆಬಾ, ಅದು ಬರೀ 732 ಮೀಟರ್.

ಅಪಾಯ ಇರುವುದು ಎತ್ತರದಲ್ಲಲ್ಲ, ಗಾಳಿ ಬರುವ ದಿಕ್ಕಿನಲ್ಲಿ. ಚಳಿಗಾಲದಲ್ಲಿ ಸೈಬೀರಿಯಾದಿಂದ ಒಣ ಶೀತಗಾಳಿ ಹೊರಡುತ್ತದೆ. ಜಪಾನ್ ಸಮುದ್ರದ ಮೇಲೆ ಬರುವಾಗ ತೇವ ಹೀರಿಕೊಳ್ಳುತ್ತದೆ. ಅರಬ್ಬಿ ಸಮುದ್ರದ ಮೋಡ ಆಗುಂಬೆಯಲ್ಲಿ ಸುರಿದ ಹಾಗೆ, ಆ ಗಾಳಿ ಹಕ್ಕೋಡಕ್ಕೆ ತಾಗಿದ ಕೂಡಲೇ ಹೊತ್ತದ್ದನ್ನೆಲ್ಲ ಸುರಿಯುತ್ತದೆ. ಅಲ್ಲಿ ಸುರಿಯುವುದು ಹಿಮ. ಇದೇ ಬೆಟ್ಟಗಳ ಸುಕಾಯು ಎಂಬ ಜಾಗದಲ್ಲಿ 2013ರ ಫೆಬ್ರವರಿಯಲ್ಲಿ 566 ಸೆಂಟಿಮೀಟರ್ ಹಿಮ ನಿಂತಿತ್ತು. ಎರಡು ಅಂತಸ್ತಿನ ಮನೆ ಬಹುತೇಕ ಮುಚ್ಚುವಷ್ಟು. ಹೊಸ ಹಿಮ ತುಂಬಾ ಸಡಿಲ. ಸುಮ್ನೆ ಬೂಟು ಹಾಕಿಕೊಂಡು ಇಳಿದರೆ ತೊಡೆಯವರೆಗೆ, ಕೆಲವು ಕಡೆ ಸೊಂಟದವರೆಗೆ ಹೂತುಹೋಗುತ್ತದೆ.

ಅದಕ್ಕೇ ಅಲ್ಲಿನವರು ಕಂಜಿಕಿ ಕಟ್ಟಿಕೊಳ್ಳುತ್ತಾರೆ. ಮರದ ಕೊಂಬೆಯನ್ನು ಬಗ್ಗಿಸಿ ದುಂಡಗೆ ಮಾಡಿ, ನಡುವೆ ಹಗ್ಗ ಹೆಣೆದ ಹಿಮಪಾದುಕೆ ಅದು. ಈಗಿನ ಸ್ನೋಶೂಗಳ ಕೆಲಸವೂ ಅದೇ, ಮೈಭಾರವನ್ನು ಅಗಲಕ್ಕೆ ಹಂಚುವುದು. ಅದನ್ನು ಕಟ್ಟಿಕೊಂಡರೂ ಸಡಿಲ ಹಿಮದಲ್ಲಿ ಮೊಣಕಾಲಿನವರೆಗೆ ಇಳಿಯುವುದು ತಪ್ಪುವುದಿಲ್ಲ. ಮುಂದೆ ನಡೆಯುವವನೇ ಎಲ್ಲರಿಗಿಂತ ಜಾಸ್ತಿ ದಣಿಯುತ್ತಾನೆ. ಅವನು ತುಳಿದ ಜಾಡಿನಲ್ಲಿ ಹಿಂದಿನವರು ಬರುತ್ತಾರೆ. ಆದ್ದರಿಂದ ಮುಂದಿನವರನ್ನು ಬದಲಿಸುತ್ತಾ ಇರಬೇಕು. ಅವೊಮೊರಿಯ ತಂಡದಲ್ಲೂ ಮುಂದಿದ್ದವರು ಕಂಜಿಕಿ ಕಟ್ಟಿ ಹಿಮ ತುಳಿದು ದಾರಿ ಮಾಡುತ್ತಿದ್ದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು.

ಯಾಕೆ ಹೊರಟರು

ರಷ್ಯಾದ ಜೊತೆ ಯುದ್ಧ ಬರಬಹುದು ಎಂದು ಜಪಾನ್ ಲೆಕ್ಕ ಹಾಕುತ್ತಿದ್ದ ಕಾಲ ಅದು. ರಷ್ಯಾದ ನೌಕಾಪಡೆ ಉತ್ತರದ ಕಡಲನ್ನು ಹಿಡಿದರೆ ಕರಾವಳಿಯ ರೈಲು, ರಸ್ತೆ ಎರಡೂ ಹೋದವು. ಆಗ ಚಳಿಗಾಲದಲ್ಲಿ ಬೆಟ್ಟದ ಒಳದಾರಿಯಲ್ಲಿ ಸಾಮಾನು ಸಾಗಿಸಲು ಆಗುತ್ತದೆಯೇ? ಇದು ಅವೊಮೊರಿಯ 5ನೇ ಪದಾತಿ ರೆಜಿಮೆಂಟಿನ ಮುಂದಿದ್ದ ಪ್ರಶ್ನೆ. ಹಾಗಾಗಿ ಜಾರುಬಂಡಿ ಎಳೆದುಕೊಂಡು ಹೋಗುವುದೇ ಈ ನಡಿಗೆಯ ಉದ್ದೇಶವಾಗಿತ್ತು. 14 ಬಂಡಿಗಳು, ಒಂದೊಂದರಲ್ಲಿ ಸುಮಾರು 80 ಕಿಲೋ. ಅಕ್ಕಿ, ಮಾಂಸದ ಡಬ್ಬಿ, ಉಪ್ಪಿನಕಾಯಿ, ಇದ್ದಿಲು, ಸೌದೆ, ಅನ್ನ ಮಾಡಲು ತಾಮ್ರದ ಹಂಡೆಗಳು.

ತಂಡದ ನಾಯಕ ಕ್ಯಾಪ್ಟನ್ ಕನ್ನಾರಿ ಬುಂಕಿಚಿ. ಜನವರಿ 18ರಂದು ಅವರು ಒಂದು ಬಂಡಿ ಎಳೆಸಿ ಬೆಟ್ಟದ ಮೊದಲ ಭಾಗದವರೆಗೆ ಪರೀಕ್ಷೆ ಮಾಡಿ ಬಂದಿದ್ದರು. ಅವತ್ತು ಹವೆ ಚೆನ್ನಾಗಿತ್ತು. ಎಲ್ಲವೂ ಸಲೀಸಾಗಿ ಆಯಿತು. ಹಾಗಾದರೆ ತಾಶಿರೋವರೆಗೂ ಒಂದೇ ದಿನದಲ್ಲಿ ಮುಟ್ಟಬಹುದು ಎಂದು ತೀರ್ಮಾನಿಸಿದರು.

ಈ ಪರೀಕ್ಷಾ ನಡಿಗೆಯ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ತಯಾರಿಯೇ ಇಲ್ಲದೆ ಹೋದರು ಎಂದು ಕನ್ನಾರಿ ಅವರನ್ನು ದೂರುವುದು ಸುಲಭ. ಆದರೆ ಅವರು ತಯಾರಿ ಮಾಡಿದ್ದರು. ಬಿಸಿಲಿನ ದಿನ, ಒಂದೇ ಬಂಡಿಯ ಜೊತೆ, ಕಷ್ಟದ ಭಾಗ ಶುರುವಾಗುವ ಮೊದಲೇ ಹಿಂದಿರುಗಿದ ತಯಾರಿ ಅದು. ಅದರಿಂದ ಅವರಿಗೆ ಬೆಟ್ಟದ ಪರಿಚಯ ಆಗಲಿಲ್ಲ, ಧೈರ್ಯ ಮಾತ್ರ ಬಂತು. ಒಳ್ಳೆಯ ಹವೆಯಲ್ಲಿ ಒಮ್ಮೆ ಹೋಗಿ ಬಂದವರೇ ಕೆಟ್ಟ ಹವೆಯಲ್ಲಿ ಜಾಸ್ತಿ ಹಟ ಮಾಡುವುದನ್ನು ಟ್ರೆಕ್ಕಿಂಗ್ ಮಾಡುವವರೆಲ್ಲ ಕಂಡಿರುತ್ತಾರೆ.

ಇನ್ನೊಂದು ತೊಡಕು ಹೊರಡುವಾಗಲೇ ಇತ್ತು. ಕನ್ನಾರಿ ನಾಯಕ ನಿಜ, ಆದರೆ ಅವರ ಮೇಲಧಿಕಾರಿ, ಬೆಟಾಲಿಯನ್ ಮುಖ್ಯಸ್ಥ ಮೇಜರ್ ಯಮಾಗುಚಿ ಕೂಡ ಜೊತೆಯಲ್ಲಿ ಬಂದಿದ್ದರು. ಅಂದರೆ ಒಂದೇ ತಂಡ, ಅಪ್ಪಣೆ ಕೊಡಬಲ್ಲವರು ಇಬ್ಬರು.

ಮಧ್ಯಾಹ್ನದ ನಿರ್ಧಾರ

ಬೆಟ್ಟದ ಬುಡದಲ್ಲಿ ತಮೋಗಿನೋ ಎಂಬ ಹಳ್ಳಿ. ಅಲ್ಲಿನವರು ಎಚ್ಚರಿಸಿದರು, ಹೋಗಲೇಬೇಕು ಅಂದರೆ ದಾರಿ ತೋರಿಸಲು ಬರುತ್ತೇವೆ ಎಂದೂ ಹೇಳಿದರು ಎಂಬುದು ಆ ಊರಿನಿಂದ ಬಂದ ಮಾತು. ಆ ದಿನಗಳು ಬೆಟ್ಟದ ದೇವರ ದಿನಗಳು, ಆಗ ಹವೆ ಕೆಡುತ್ತದೆ, ಊರಿನವರು ಬೆಟ್ಟಕ್ಕೆ ಕಾಲಿಡುವುದಿಲ್ಲ. ಸೈನ್ಯ ಒಪ್ಪಲಿಲ್ಲ. ನಕ್ಷೆ ಇದೆ, ದಿಕ್ಸೂಚಿ ಇದೆ, ಸಾಕು ಅಂದರು. ದೇವರ ಮಾತನ್ನು ನಂಬಬೇಕಾಗಿರಲಿಲ್ಲ. ಆ ಮಾತಿನ ಹಿಂದೆ ಎಷ್ಟೋ ತಲೆಮಾರುಗಳು ಕಂಡ ಜನವರಿಯ ಹವೆ ಇತ್ತು, ಅದನ್ನು ಕೇಳಿಸಿಕೊಂಡಿದ್ದರೆ ಸಾಕಿತ್ತು.

ಏರು ಶುರುವಾದ ಕೂಡಲೇ ಬಂಡಿಗಳು ಹಿಂದೆ ಬಿದ್ದವು. ಸಡಿಲ ಹಿಮದಲ್ಲಿ ಅವು ಜಾರುವ ಬದಲು ಹೂತುಕೊಂಡವು. ಎಳೆಯುವವರಿಗೆ ಬೆವರು. ಆ ಬೆವರನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಅವರನ್ನು ಕೊಲ್ಲುವುದು.

ಮಧ್ಯಾಹ್ನದ ಹೊತ್ತಿಗೆ ಕೊತೋಗೆ ಎಂಬ ಸಣ್ಣ ಕಣಿವೆಬಾಯಿ ತಲುಪಿದರು. ಊಟ ಬಿಚ್ಚಿದರೆ ಅನ್ನ ಹೆಪ್ಪುಗಟ್ಟಿತ್ತು, ಹಲವರಿಗೆ ತಿನ್ನಲಾಗಲಿಲ್ಲ. ಗಾಳಿ ಜೋರಾಗಿತ್ತು. ಅಲ್ಲಿ ಅಧಿಕಾರಿಗಳು ಕೂತು ಚರ್ಚೆ ಮಾಡಿದರು. ತಂಡದ ವೈದ್ಯರು ಹಿಂದಿರುಗೋಣ ಎಂದರು. ಕೆಳದರ್ಜೆಯ ಅಧಿಕಾರಿಗಳು ಬೇಡ ಎಂದರು, ಮುಂದೆ ಹೋಗಲೇಬೇಕು ಎಂದು ಒತ್ತಾಯಿಸಿದರು. ಕೊನೆಗೆ ಮುಂದೆ ಹೋದರು.

ನನ್ನ ಪ್ರಕಾರ ಇಡೀ ಪ್ರಕರಣದ ತಿರುವು ಇಲ್ಲೇ ಇದೆ. ಆಮೇಲೆ ನಡೆದದ್ದು ಭಯಂಕರ ನಿಜ, ಆದರೆ ಆಮೇಲಿನ ನಿರ್ಧಾರಗಳನ್ನೆಲ್ಲ ತೆಗೆದುಕೊಂಡದ್ದು ಚಳಿಗೆ ಮರಗಟ್ಟಿದ ತಲೆಗಳು. ಕೊತೋಗೆಯಲ್ಲಿ ತಲೆ ಸರಿಯಾಗಿತ್ತು. ಕಾಲಲ್ಲಿ ಶಕ್ತಿ ಇತ್ತು. ಹಿಂದೆ ತುಳಿದ ಜಾಡು ಇನ್ನೂ ಕಾಣುತ್ತಿತ್ತು. ಇಳಿದರೆ ಕತ್ತಲಾಗುವ ಮೊದಲು ಹಳ್ಳಿ. ಹಿಂದಿರುಗಲು ಎಲ್ಲ ಅನುಕೂಲವೂ ಇರುವ ಹೊತ್ತಿನಲ್ಲಿ ಹಿಂದಿರುಗುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಅಗತ್ಯ ಎಲ್ಲರಿಗೂ ಕಾಣುವ ಹೊತ್ತಿಗೆ ಅನುಕೂಲ ಒಂದೂ ಉಳಿದಿರುವುದಿಲ್ಲ.

ಇನ್ನೂ ಒಂದು ವಿಷಯ. ಅಲ್ಲಿ ಹಿಂದಿರುಗೋಣ ಎಂದವರು ವೈದ್ಯರು. ದೇಹ ಎಷ್ಟು ತಾಳುತ್ತದೆ ಎಂದು ಅಲ್ಲಿದ್ದವರಲ್ಲಿ ಚೆನ್ನಾಗಿ ಗೊತ್ತಿದ್ದವರು ಅವರೇ. ಅವರ ಮಾತು ಹತ್ತರಲ್ಲಿ ಒಂದಾಯಿತು. ಗುಂಪಿನಲ್ಲಿ ಉತ್ಸಾಹದ ಮಾತಿಗೆ ಸದ್ದು ಜಾಸ್ತಿ. ಹೋಗೋಣ ಎಂದವನು ಧೈರ್ಯವಂತ, ಬೇಡ ಎಂದವನು ಪುಕ್ಕಲ ಎನ್ನುವ ಲೆಕ್ಕ ಸೈನ್ಯದಲ್ಲಿ ಮಾತ್ರ ಇಲ್ಲ. ಒಬ್ಬರು ಬೇಡ ಅಂದರೂ ಎಲ್ಲರೂ ಹಿಂದಿರುಗಬೇಕು ಎಂದು ಹೊರಡುವ ಮೊದಲೇ ಮಾತಾಗಿರಬೇಕು ಎಂದು ಪರ್ವತಾರೋಹಿಗಳು ಈಗ ಹೇಳುತ್ತಾರೆ. ಬೆಟ್ಟದ ಮೇಲೆ ಕೂತು ಬಹುಮತ ಲೆಕ್ಕ ಹಾಕುವುದಕ್ಕಿಂತ ಇದು ಎಷ್ಟೋ ಒಳ್ಳೆಯದು.

ಎರಡು ಕಿಲೋಮೀಟರ್‌ಗಿಂತ ಕಡಿಮೆ

ಉಮಾತಾತೆಬಾ ತಲುಪಿದಾಗ ಸಂಜೆ ನಾಲ್ಕರ ಹೊತ್ತು. ಜನವರಿಯಲ್ಲಿ ಅಲ್ಲಿ ಅಷ್ಟು ಹೊತ್ತಿಗೆ ಬೆಳಕು ಇಳಿಯುತ್ತದೆ. ಬಂಡಿಗಳು ಎರಡು ಗಂಟೆ ಹಿಂದಿದ್ದವು. ಸಹಾಯಕ್ಕೆಂದು ಎರಡು ತುಕಡಿಗಳನ್ನು ಹಿಂದಕ್ಕೆ ಕಳಿಸಿದರು. ಉಳಿದವರು ಗಾಳಿಗೆ ಮೈಯೊಡ್ಡಿ ಕಾಯುತ್ತ ನಿಂತರು. ಬೆವರಿ ಒದ್ದೆಯಾದ ಬಟ್ಟೆ ಮೈಮೇಲೆ ತಣ್ಣಗಾಗುತ್ತಾ ಇತ್ತು. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ನಡೆಯುತ್ತಿರುವವರೆಗೆ ಅದು ಗೊತ್ತಾಗುವುದಿಲ್ಲ, ನಿಂತ ಕೂಡಲೇ ಗೊತ್ತಾಗುತ್ತದೆ.

ತಾಶಿರೋದ ದಾರಿ ಹುಡುಕಲು 15 ಜನರನ್ನು ಮುಂದೆ ಕಳಿಸಿದರು. ಅವರು ಬಿಳಿ ಹಿಮದಲ್ಲಿ ದಿಕ್ಕು ತಪ್ಪಿ, ಸುತ್ತು ಹೊಡೆದು, ಕೊನೆಗೆ ತಮ್ಮದೇ ತಂಡದ ಬಾಲಕ್ಕೆ ಬಂದು ಸೇರಿದರು. ನೆಲ, ಆಕಾಶ ಎರಡೂ ಒಂದೇ ಬಣ್ಣವಾದಾಗ ಮನುಷ್ಯ ನೇರವಾಗಿ ನಡೆಯಲಾರ. ತಾನು ನೇರ ಹೋಗುತ್ತಿದ್ದೇನೆ ಅಂತಲೇ ನಂಬಿ ಸುತ್ತುತ್ತಾನೆ. ಹೀಗೆ ಸುತ್ತಿ ಬಂದವರನ್ನು ಕಣ್ಣಾರೆ ಕಂಡ ಮೇಲಾದರೂ ಅಲ್ಲೇ ನಿಲ್ಲಬೇಕಿತ್ತು.

ನರುಸಾವಾ ಕಣಿವೆಯಲ್ಲಿ ಬಂಡಿಗಳನ್ನು ಬಿಟ್ಟರು. ಸಾಮಾನನ್ನು ಬೆನ್ನಿಗೆ ಹೊತ್ತರು. ತಾಮ್ರದ ಹಂಡೆಯನ್ನೂ ಹೊತ್ತರು. ಕತ್ತಲಲ್ಲಿ ಇನ್ನು ಆಗುವುದಿಲ್ಲ ಎಂದು ಕಂಡಾಗ ಹಿರಸಾವಾದ ಮರಗಳ ನಡುವೆ ರಾತ್ರಿ ಕಳೆಯಲು ನಿಂತರು. ಅಲ್ಲಿಂದ ತಾಶಿರೋ ಎರಡು ಕಿಲೋಮೀಟರ್ ಕೂಡ ಇರಲಿಲ್ಲ. ಇಷ್ಟು ಹತ್ತಿರ ಇದೆ ಎಂಬ ಆ ತಿಳಿವಳಿಕೆಯೇ ಅವರನ್ನು ಮುಂದಿನ ಹನ್ನೆರಡು ಗಂಟೆ ಎಳೆದಾಡಿತು. ದೂರ ಇದ್ದಿದ್ದರೆ ಆಸೆ ಬಿಡುತ್ತಿದ್ದರು.

ಆ ರಾತ್ರಿಯನ್ನು ಹತ್ತಿರದಿಂದ ನೋಡಬೇಕು. ಎರಡು ಮೀಟರ್ ಅಗಲ, ಐದು ಮೀಟರ್ ಉದ್ದದ ಗುಂಡಿಗಳನ್ನು ಹಿಮದಲ್ಲಿ ತೋಡಿದರು. ಒಂದೊಂದಕ್ಕೆ ಸುಮಾರು 40 ಜನ. ಎರಡೂವರೆ ಮೀಟರ್ ಆಳಕ್ಕೆ ಹೋದರೂ ನೆಲ ಸಿಗಲಿಲ್ಲ. ಮೇಲೆ ಹೊದಿಕೆ ಇಲ್ಲ, ಕೆಳಗೆ ಹಾಸಲು ಏನೂ ಇಲ್ಲ. ಅಷ್ಟು ಜನ ಆ ಜಾಗದಲ್ಲಿ ಕೂರುವಂತೆಯೂ ಇರಲಿಲ್ಲ, ನಿಂತೇ ಇದ್ದರು. ಹಿಮದ ಮೇಲೆ ಇದ್ದಿಲು ಉರಿಸಿ ಹಂಡೆಯಲ್ಲಿ ಅನ್ನಕ್ಕೆ ಇಟ್ಟರು. ಬೆಂಕಿ ಹೊತ್ತಿದ ಹಾಗೆ ಅಡಿಯ ಹಿಮ ಕರಗಿತು. ಒಲೆ ಕೆಳಗಿಳಿಯಿತು, ಹಂಡೆ ಓರೆಯಾಯಿತು. ಕುಡಿಯಲು ನೀರಿಲ್ಲ, ಹಿಮ ಕರಗಿಸಿಯೇ ನೀರು ಮಾಡಬೇಕು. ಅಂತೂ ಅರೆಬೆಂದ ಅನ್ನ ಕೈಗೆ ಬಂದದ್ದು ಮಧ್ಯರಾತ್ರಿ ಕಳೆದ ಮೇಲೆ. ನಿದ್ದೆ ಬಂದರೆ ಸಾಯುತ್ತಾರೆ ಎಂದು ಅಧಿಕಾರಿಗಳು ಹಾಡು ಹೇಳಿಸಿದರು, ಕಾಲು ಕುಟ್ಟಿಸಿದರು.

ಇಷ್ಟಾದರೂ ಆ ಗುಂಡಿಗಳಲ್ಲಿ ಗಾಳಿ ಕಡಿಮೆ ಇತ್ತು. ಬೆಳಗಿನವರೆಗೆ ಅಲ್ಲೇ ಇದ್ದು, ಬೆಳಕಿನಲ್ಲಿ ಹೊರಡುವುದು ಮೊದಲಿನ ಯೋಚನೆ. ಆದರೆ ಚಳಿ ತಾಳಲಾಗದೆ ನಸುಕಿನ ಎರಡೂವರೆ ಹೊತ್ತಿಗೇ ಎಬ್ಬಿಸಿ ಹೊರಡಿಸಿದರು. ನಡೆದರೆ ಮೈ ಬಿಸಿಯಾಗುತ್ತದೆ ಎಂಬ ಲೆಕ್ಕ. ಕಗ್ಗತ್ತಲು, ಹಿಮಗಾಳಿ, ಹೊಟ್ಟೆಗೆ ಸರಿಯಾಗಿ ಅನ್ನವಿಲ್ಲ, ನಿದ್ದೆಯಿಲ್ಲ. ಜಾಡು ಮುಚ್ಚಿಹೋಗಿತ್ತು.

ಈ ಹೊತ್ತಿಗೆ ಕನ್ನಾರಿ ಹಿಂದಿರುಗಲು ನಿರ್ಧರಿಸಿದ್ದರು. ತಂಡ ಅವೊಮೊರಿಯ ಕಡೆಗೇ ತಿರುಗಿತ್ತು. ದಾರಿಯಲ್ಲಿ ಕಿರಿಯ ದರ್ಜೆಯ ಅಧಿಕಾರಿಯೊಬ್ಬ ತನಗೆ ತಾಶಿರೋದ ದಾರಿ ಗೊತ್ತು ಎಂದ. ಮೇಜರ್ ಯಮಾಗುಚಿ ತಾವೇ ಒಪ್ಪಿಬಿಟ್ಟರು. ಹಾಗಾದರೆ ಮುಂದೆ ನಡಿ ಎಂದರು. ಅವನು ಕರೆದುಕೊಂಡು ಹೋದದ್ದು ಕೊಮಾಗೋಮೆ ನದಿಯ ಕಮರಿಗೆ. ಅಲ್ಲಿಂದ ಮೇಲೆ ಬರಲು ಗೋಡೆಯಂಥ ಹಿಮದ ಇಳಿಜಾರನ್ನು ಹತ್ತಬೇಕಾಯಿತು. ಹಲವರು ಅಲ್ಲೇ ಉಳಿದರು. ಆ ಕಿರಿಯವನನ್ನು ಬೈದು ಪ್ರಯೋಜನವಿಲ್ಲ. ಅವನು ಗೊತ್ತಿದೆ ಅಂದುಕೊಂಡೇ ಹೇಳಿರಬೇಕು. ನಾಯಕನ ನಿರ್ಧಾರವನ್ನು ಇನ್ನೊಬ್ಬರು ನಡುದಾರಿಯಲ್ಲಿ ಬದಲಿಸಬಹುದಾದ ವ್ಯವಸ್ಥೆ ಇತ್ತಲ್ಲ, ದೋಷ ಅದರಲ್ಲಿದೆ.

ದೇಹಕ್ಕೆ ಆದದ್ದು

24ರ ಸಂಜೆ ಹೊತ್ತಿಗೆ ಹೆಚ್ಚುಕಡಿಮೆ ನಾಲ್ಕನೇ ಒಂದು ಪಾಲು ಜನ ಬಿದ್ದಿದ್ದರು. 25ರಂದು ತಂಡ ಚೂರುಚೂರಾಯಿತು. ಅದೇ 25ರಂದು ಉತ್ತರಕ್ಕಿರುವ ಹೊಕ್ಕೈಡೋ ದ್ವೀಪದ ಅಸಹಿಕಾವಾದಲ್ಲಿ ಸೊನ್ನೆಗಿಂತ 41 ಡಿಗ್ರಿ ಕೆಳಗಿನ ಉಷ್ಣತೆ ದಾಖಲಾಯಿತು. ಜಪಾನಿನ ಹವಾಮಾನ ಇಲಾಖೆಯ ದಾಖಲೆಯಲ್ಲಿ ಈವತ್ತಿಗೂ ಅದೇ ಅತಿ ಕಡಿಮೆ. ಹಕ್ಕೋಡದಲ್ಲಿ ಅಷ್ಟು ಇಳಿದಿರಲಿಕ್ಕಿಲ್ಲ, ಆದರೆ ಆ ದಿನಗಳಲ್ಲಿ ಉತ್ತರ ಜಪಾನಿನ ಮೇಲೆ ಕೂತದ್ದು ಎಂಥ ಚಳಿ ಎಂದು ಇದರಿಂದ ತಿಳಿಯುತ್ತದೆ.

ಸೈನಿಕರ ಮೈಮೇಲೆ ಇದ್ದದ್ದು ಹತ್ತಿಯ ಒಳಬಟ್ಟೆ, ಅದರ ಮೇಲೆ ಉಣ್ಣೆಯ ಕೋಟು, ಕೈಗೆ ತೆಳು ಗವಸು, ಕಾಲಿಗೆ ಹುಲ್ಲಿನ ಬೂಟು. ಹತ್ತಿ ಬೆವರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗುವುದಿಲ್ಲ. ಗವಸು ಒದ್ದೆಯಾಗಿ ಕಲ್ಲಾಯಿತು. ಬದಲಿಸಲು ಇನ್ನೊಂದು ಜೊತೆ ಇರಲಿಲ್ಲ. ಬೆರಳು ಮರಗಟ್ಟಿ ಪ್ಯಾಂಟಿನ ಗುಂಡಿ ಬಿಚ್ಚಲಾಗದೆ ಎಷ್ಟೋ ಜನ ಬಟ್ಟೆಯಲ್ಲೇ ಮೂತ್ರ ಮಾಡಿಕೊಂಡರು. ಅದು ಹೆಪ್ಪುಗಟ್ಟಿತು. ಬದುಕಿ ಬಂದವರು ಹೇಳಿದ ಸಂಗತಿಗಳಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಅಲ್ಲಿ ಒಂದು ಜೊತೆ ಒಣ ಗವಸಿಗೆ ಒಂದು ಜೀವದ ಬೆಲೆ.

ಕೈಕಾಲು ನೆಟ್ಟಗೆ ಉಳಿದವರು ಮೂವರು. ಅವರಲ್ಲಿ ಲೆಫ್ಟಿನೆಂಟ್ ಕುರಾಯಿಶಿ ಒಬ್ಬರು. ಅವರ ಕಾಲಿನಲ್ಲಿ ಟೋಕಿಯೋದಲ್ಲಿ ಕೊಂಡ ರಬ್ಬರ್ ಬೂಟು ಇತ್ತು. ನೀರು ಒಳಗೆ ಹೋಗಲಿಲ್ಲ, ಕಾಲು ಉಳಿಯಿತು.

ಮೈಯ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅದನ್ನು ಹೈಪೋಥರ್ಮಿಯಾ ಎನ್ನುತ್ತಾರೆ. ಮೊದಲು ಜೋರು ನಡುಕ. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ. ಇನ್ನೂ ಇಳಿದರೆ ನಡುಕ ನಿಲ್ಲುತ್ತದೆ. ನೋಡುವವರಿಗೆ ಸುಧಾರಿಸಿಕೊಂಡ ಅನ್ನಿಸಬಹುದು, ನಿಜವಾಗಿ ಕೈಮೀರುವ ಹಂತ ಅದು. ಕೊನೆಯ ಹಂತದಲ್ಲಿ ಬಿಗಿದಿದ್ದ ರಕ್ತನಾಳಗಳು ಸಡಿಲವಾಗಿ ಚರ್ಮಕ್ಕೆ ರಕ್ತ ನುಗ್ಗುತ್ತದೆ. ಮೈ ಉರಿಯುತ್ತಿದೆ ಅನ್ನಿಸಿ ಬಟ್ಟೆ ಕಿತ್ತೆಸೆಯುತ್ತಾರೆ. ಹಕ್ಕೋಡದಲ್ಲಿ ಇದೂ ಆಯಿತು. ಮರ ಕಡಿದು ತೆಪ್ಪ ಕಟ್ಟಿ ಅವೊಮೊರಿಗೆ ತೇಲಿಕೊಂಡು ಹೋಗೋಣ ಎಂದು ನದಿಗೆ ಇಳಿದವರಿದ್ದರು. ಹುಚ್ಚು ಹಿಡಿಯಿತು ಎಂದು ಆಗ ಜನ ತಿಳಿದರು. ಚಳಿ ಮೆದುಳಿಗೆ ಮಾಡುವುದೇ ಹಾಗೆ.

ಹುಡುಕಾಟ

24ರಂದು ವಾಪಸ್ ಬರಬೇಕಿತ್ತು. ಬರಲಿಲ್ಲ. ಹವೆ ಕೆಟ್ಟದ್ದಕ್ಕೆ ತಾಶಿರೋದಲ್ಲೇ ಉಳಿದಿರಬಹುದು, ಇಲ್ಲವೇ ಬೆಟ್ಟದ ಆಚೆ ಬದಿಗೆ ಇಳಿದಿರಬಹುದು ಎಂದು ಬ್ಯಾರಕ್‌ನಲ್ಲಿ ಅಂದುಕೊಂಡರು. ರಕ್ಷಣಾ ತಂಡ ಹೊರಟದ್ದು 26ರಂದು. ಅದೂ ಹಿಮಗಾಳಿಗೆ ಸಿಕ್ಕಿ ಹಿಂದಿರುಗಿತು. 27ರ ಬೆಳಿಗ್ಗೆ ಹಿಮದಲ್ಲಿ ಅರ್ಧ ಹೂತು ನಿಂತಿದ್ದ ಒಬ್ಬ ಮನುಷ್ಯ ಕಂಡ. ಕಾರ್ಪೊರಲ್ ಗೋತೋ ಫುಸಾನೋಸುಕೆ. ಜೀವ ಇತ್ತು. ಅವರು ಹೇಳಿದ ಜಾಡು ಹಿಡಿದು ಹುಡುಕಿದಾಗ ಹತ್ತಿರದಲ್ಲೇ ಕನ್ನಾರಿ ಸಿಕ್ಕಿದರು, ಉಳಿಸಲಾಗಲಿಲ್ಲ. ಗೋತೋ ಕೈಕಾಲು ಕಳೆದುಕೊಂಡರೂ 1924ರವರೆಗೆ ಬದುಕಿದರು. ಅವರ ಕಂಚಿನ ಪ್ರತಿಮೆ ಈಗ ಉಮಾತಾತೆಬಾದಲ್ಲಿದೆ.

ಜೀವಂತ ಸಿಕ್ಕವರು ಒಟ್ಟು 17. ಅವರಲ್ಲಿ ಆರು ಜನ ಆಮೇಲೆ ತೀರಿಕೊಂಡರು. ಮೇಜರ್ ಯಮಾಗುಚಿ ಆ ಆರರಲ್ಲಿ ಒಬ್ಬರು. ಫೆಬ್ರವರಿ 2ರಂದು ಕೊನೆಯದಾಗಿ ಸಿಕ್ಕ ಕಾರ್ಪೊರಲ್ ಎಲ್ಲಿದ್ದ ಗೊತ್ತೇ? ತಾಶಿರೋದಲ್ಲಿ. ತಂಡ ಬಿಟ್ಟು ದಿಕ್ಕೆಟ್ಟು ಅಲೆದು ಅವನು ಆ ಬಿಸಿನೀರಿನ ಬುಗ್ಗೆ ಸೇರಿದ್ದ. ಉದ್ದನೆಯ ಕೋಲುಗಳಿಂದ ಹಿಮ ಚುಚ್ಚುತ್ತಾ ಸಾಲಾಗಿ ನಡೆದು ಶವಗಳನ್ನು ಹುಡುಕಿದರು. ಹೊಕ್ಕೈಡೋದಿಂದ ಅಲ್ಲಿನ ಮೂಲನಿವಾಸಿಗಳಾದ ಐನು ಜನರೂ ನಾಯಿಗಳ ಜೊತೆ ಬಂದರು. ಕೊನೆಯ ಶವ ಸಿಕ್ಕಾಗ ಮೇ ತಿಂಗಳು ಮುಗಿಯುತ್ತಾ ಬಂದಿತ್ತು.

ಎರಡು ದಿನದ ಆ ತಡ ಇಂದಿಗೂ ಪಾಠ. ಎಷ್ಟು ಹೊತ್ತಿಗೆ ಬರದಿದ್ದರೆ ಹುಡುಕಲು ಶುರು ಮಾಡಬೇಕು ಎಂದು ಕೆಳಗೆ ಉಳಿದವರಿಗೆ ಹೇಳಿ ಹೋಗಬೇಕು. ಇಲ್ಲದಿದ್ದರೆ ಅವರು ಒಳ್ಳೆಯದನ್ನೇ ಊಹಿಸಿಕೊಂಡು ಕೂರುತ್ತಾರೆ.

ಇನ್ನೊಂದು ತಂಡ

ಹಿರೊಸಾಕಿಯ 31ನೇ ರೆಜಿಮೆಂಟಿನ ಕ್ಯಾಪ್ಟನ್ ಫುಕುಶಿಮಾ ತಾಯ್ಜೋ ತಮ್ಮ 37 ಜನರ ಜೊತೆ ಜನವರಿ 20ಕ್ಕೆ ಹೊರಟಿದ್ದರು. ಅವರ ದಾರಿ ತುಂಬಾ ಉದ್ದ. ತೊವಾದಾ ಸರೋವರ ಬಳಸಿ, ಆಚೆಯಿಂದ ಹಕ್ಕೋಡ ಹತ್ತಿ, ಅವೊಮೊರಿಗೆ ಇಳಿದು, 31ಕ್ಕೆ ಹಿರೊಸಾಕಿ ಸೇರಿದರು. 200 ಕಿಲೋಮೀಟರ್‌ಗೂ ಜಾಸ್ತಿ.

ಅವರು ಬಂಡಿ ಒಯ್ಯಲಿಲ್ಲ. ಮೊದಲೇ ಹಳ್ಳಿಗಳಿಗೆ ಹೇಳಿಕಳಿಸಿ ಊಟ, ವಸತಿ ಗೊತ್ತು ಮಾಡಿದ್ದರು. ಪ್ರತಿ ಹಂತಕ್ಕೂ ಆ ಜಾಗದವರನ್ನೇ ದಾರಿ ತೋರಿಸಲು ಕರೆದುಕೊಂಡರು. ಸೈನಿಕರಿಗೆ ಕಾಲುಚೀಲದ ಮೇಲೆ ಮೆಣಸಿನ ಪುಡಿ ಉದುರಿಸಿ, ಎಣ್ಣೆ ಕಾಗದ ಸುತ್ತಿಸಿದರು. ಮೆಣಸು ಎಷ್ಟು ಕೆಲಸ ಮಾಡಿತೋ, ಒದ್ದೆಯಾಗದಂತೆ ತಡೆದ ಕಾಗದವಂತೂ ಮಾಡಿತು. ಹಿಂದಿನ ಚಳಿಗಾಲದಲ್ಲಿ ಫುಕುಶಿಮಾ ಇವಾಕಿ ಪರ್ವತದಲ್ಲಿ ಇಂಥದೇ ನಡಿಗೆ ನಡೆಸಿದ್ದರು. ಜೊತೆಗೆ ಗುಂಪು ಚಿಕ್ಕದು. 37 ಜನರನ್ನು ಎಣಿಸಬಹುದು, ಕೂಗಿದರೆ ಕೇಳಿಸುತ್ತದೆ. 210 ಜನರ ಸಾಲಿನಲ್ಲಿ ಮುಂದಿರುವವನಿಗೆ ಹಿಂದಿನವನು ಬಿದ್ದದ್ದು ಗೊತ್ತೇ ಆಗುವುದಿಲ್ಲ.

ನಮ್ಮವರ ನೆನಪಾಗದೆ ಇರುವುದಿಲ್ಲ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್ ದಾರಿಯಲ್ಲಿ 22 ಜನರ ತಂಡ ಹಿಮಗಾಳಿಗೆ ಸಿಕ್ಕಿ ಒಂಬತ್ತು ಜನ ತೀರಿಕೊಂಡರು. ತಂಡದ ಹೆಚ್ಚಿನವರು ಕರ್ನಾಟಕದವರು. ಆ ಘಟನೆಯನ್ನು ಹಕ್ಕೋಡದ ಜೊತೆ ಇಟ್ಟು ಯಾರ ತಪ್ಪು ಎಂದು ಹೇಳುವುದು ನನ್ನ ಕೆಲಸವಲ್ಲ. ಈಗ ಒಳ್ಳೆಯ ಜಾಕೆಟ್ ಇದೆ, ಜಿಪಿಎಸ್ ಇದೆ, ಹೆಲಿಕಾಪ್ಟರ್ ಇದೆ, ಆದರೂ ಹಿಮಗಾಳಿಯಲ್ಲಿ ಸಿಕ್ಕ ಮನುಷ್ಯನ ಮೈ 1902ರ ಮೈಯೇ. ಕೇದಾರಕಂಠಕ್ಕೋ ಬ್ರಹ್ಮತಾಲ್‌ಗೋ ಚಳಿಗಾಲದಲ್ಲಿ ಹೊರಡುವ ನಮ್ಮ ಹುಡುಗ ಹುಡುಗಿಯರು ಸ್ನೋಶೂ, ಬೂಟಿನಡಿ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಬಾಡಿಗೆ ಎಷ್ಟು ಎಂದು ಕೇಳುತ್ತಾರೆ. ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಹೇಗಿದ್ದರೂ ಹಿಂದಿರುಗುತ್ತೇವೆ ಎಂಬುದನ್ನೂ ಕೇಳಲಿ. ಹೊರಡುವ ಹಿಂದಿನ ರಾತ್ರಿ, ಬೆಚ್ಚಗಿನ ಕೋಣೆಯಲ್ಲಿ ಕೇಳಲಿ. ಕೊನೆಯ ಮಾತು ಯಾರದು ಎಂಬುದನ್ನೂ ಆಗಲೇ ಗೊತ್ತು ಮಾಡಿಕೊಳ್ಳಲಿ.

ಫುಕುಶಿಮಾ ಅವರನ್ನು ಮಾದರಿ ನಾಯಕ ಎಂದು ತೋರಿಸುವವರು ಒಂದು ವಿಷಯವನ್ನು ಬಿಟ್ಟುಬಿಡುತ್ತಾರೆ. ಹಕ್ಕೋಡ ದಾಟಲು ಅವರಿಗೆ ದಾರಿ ತೋರಿಸಿದವರು ಬೆಟ್ಟದ ಆಚೆ ಬದಿಯ ಏಳು ಜನ ರೈತರು. ಕೆಟ್ಟ ಹಿಮಗಾಳಿಯಲ್ಲಿ ಮುಂದೆ ನಿಂತು ದಾರಿ ತುಳಿದವರು ಅವರು. ಹಿಮದಲ್ಲಿ 5ನೇ ರೆಜಿಮೆಂಟಿನವರ ಬಂದೂಕು, ಶವಗಳನ್ನೂ ದಾರಿಯಲ್ಲಿ ಕಂಡರು. ತಮೋಗಿನೋ ಹತ್ತಿರ ಬಂದಾಗ ಫುಕುಶಿಮಾ ಆ ರೈತರ ಕೈಗೆ ತಲಾ ಎರಡು ಯೆನ್ ಕೊಟ್ಟು, ಬೆಟ್ಟದಲ್ಲಿ ಕಂಡದ್ದನ್ನು ಯಾರಿಗೂ ಹೇಳಕೂಡದು ಎಂದು ತಾಕೀತು ಮಾಡಿ ಬಿಟ್ಟರು. ಏಳೂ ಜನರಿಗೆ ಫ್ರಾಸ್ಟ್‌ಬೈಟ್, ಅಂದರೆ ಚಳಿಗೆ ಚರ್ಮ, ಮಾಂಸ ಹೆಪ್ಪುಗಟ್ಟುವ ಗಾಯ ಆಗಿತ್ತು. ಕೆಲವರು ಮತ್ತೆ ಮೊದಲಿನಂತಾಗಲೇ ಇಲ್ಲ. ಸೈನ್ಯದ ಭಯಕ್ಕೆ ಬಾಯಿ ಬಿಡಲಿಲ್ಲ. ಅವರ ಕಥೆ ಹೊರಬಂದದ್ದು ದಶಕಗಳ ನಂತರ. ಆಮೇಲೆ ಅವರ ನೆನಪಿಗೂ ಒಂದು ಕಲ್ಲು ನಿಲ್ಲಿಸಿದರು.

ಆ ತಂಡದಲ್ಲಿ ಒಬ್ಬರೂ ಸಾಯಲಿಲ್ಲ ಎಂದು ನಾನೂ ಮೇಲೆ ಬರೆದಿದ್ದೇನೆ, ಅದು ನಿಜ. ಆದರೆ ಆ ಏಳು ಜನರಿಗೆ ಆದದ್ದನ್ನು ಸೇರಿಸದೆ ಅದನ್ನು ಯಶಸ್ಸು ಎಂದು ಕರೆಯಲು ನಾನು ತಯಾರಿಲ್ಲ. ಸ್ಥಳೀಯರನ್ನು ಕರೆದುಕೊಂಡು ಹೋದ ನಾಯಕ ಅವರನ್ನೂ ತಂಡದವರೆಂದೇ ಎಣಿಸಬೇಕಿತ್ತು. ಅವರ ಗವಸು, ಅವರ ಊಟ, ಅವರು ಮನೆ ಸೇರುವುದು ಕೂಡ ಅವನ ಜವಾಬ್ದಾರಿಯೇ. ಹಿಮಾಲಯದಲ್ಲಿ ನಮ್ಮ ಟೆಂಟು ಹೊರುವ ಹುಡುಗರ ಕಾಲಲ್ಲಿ ಎಂಥ ಬೂಟಿದೆ ಎಂದು ಹೊರಡುವ ಮೊದಲೇ ನೋಡಿ. ಸರಿಯಿಲ್ಲದಿದ್ದರೆ ಕರೆದುಕೊಂಡು ಬಂದವರ ಹತ್ತಿರ ಕೇಳಿ, ಸರಿಯಾದದ್ದು ಕೊಡುವವರೆಗೆ ಹೊರಡಬೇಡಿ.